ಮಷಿನ್ ಒಪ್ಪಿಸಿ ಮನೆಗೆ ಬರುವ ಭಾಗ್ಯ ನಮಗೂ ಇರಲಿ
ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,



ನಾನು ಕೃಷ್ಣೆಯ ದಂಡೆಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ, ಕಾರ್ಡುಗಳಿಂದ ಆಡುತ್ತಾ ಕಲಿಯುವ ನಲಿ-ಕಲಿ ಮಕ್ಕಳು ನನ್ನ ಪಾಲಿಗಿದ್ದಾರೆ. ಈ ಕೆಲಸಕ್ಕೆ ಬಂದು ಹದಿನಾರು ವರ್ಷವಾಯಿತು. ಮನೆಯವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಒಬ್ಬಳೇ ಮಗಳು ನಾಲ್ಕನೇ ತರಗತಿಯಲ್ಲಿ, ನನ್ನ ಶಾಲೆಯಲ್ಲೇ ಓದುತ್ತಾಳೆ. ಮನೆಯಲ್ಲಿ ಅತ್ತೆ ಇದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಇಂಥ ಮನೆಗಳು ರಾಜ್ಯದ ಪ್ರತಿ ತಾಲ್ಲೂಕಿನಲ್ಲೂ ಇವೆ. ಈ ಪತ್ರವನ್ನು ನನ್ನ ಒಬ್ಬಳ ಅಳಲೆಂದು ಓದದೆ, ಅಂಥ ಮನೆಗಳೆಲ್ಲದರ ಪರವಾಗಿ ಬಂದ ಅರಿಕೆ ಎಂದು ಓದಬೇಕಾಗಿ ಕೋರುತ್ತೇನೆ.

ಕಳೆದ ತಿಂಗಳು ಒಂದು ಭಾನುವಾರ ಮಗಳು ಓಣಿಯ ಮಕ್ಕಳನ್ನು ಪಡಸಾಲೆಯಲ್ಲಿ ಸಾಲಾಗಿ ಕೂರಿಸಿಕೊಂಡು ಸಾಲಿ ಆಟ ಆಡುತ್ತಿದ್ದಳು. ನಾವು ಚಿಕ್ಕವರಿದ್ದಾಗಲೂ ಈ ಆಟ ಆಡಿದವರೇ. ಆಗ ಅಕ್ಕೋರ ಪಾತ್ರ ಹಾಕಿದವರ ಕೈಯಲ್ಲಿ ಒಂದು ತುಂಡು ಸುಣ್ಣದ ಕಡ್ಡಿ, ಇನ್ನೊಂದು ಕೈಯಲ್ಲಿ ತೊಗರಿ ಕಟ್ಟಿಗೆ ಇರುತ್ತಿತ್ತು. ನನ್ನ ಮಗಳ ಕೈಯಲ್ಲಿ ಇದ್ದದ್ದು ಕೆಟ್ಟುಹೋದ ಟಿವಿ ರಿಮೋಟು. ಅದನ್ನು ಎರಡೂ ಹೆಬ್ಬೆರಳಿನಿಂದ ಒತ್ತುತ್ತಾ, ತಲೆ ಎತ್ತದೆ, 'ಸುಮ್ಮ ಕುಂದರ್ರಿ, ಅರ್ಜೆಂಟ್ ಮಾಹಿತಿ ಕಳಸೋದೈತಿ' ಅನ್ನುತ್ತಿದ್ದಳು. ಆಟದ ಅರ್ಧ ಗಂಟೆಯಲ್ಲಿ ಅವಳು ಒಂದು ಅಕ್ಷರವನ್ನೂ ಕಲಿಸಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಶಾಲೆಯಲ್ಲೂ ಮನೆಯಲ್ಲೂ ನನ್ನನ್ನು ನೋಡುವವಳು ಅವಳೊಬ್ಬಳೇ. ಅವಳು ಕಂಡದ್ದನ್ನೇ ಆಡಿ ತೋರಿಸಿದ್ದಳು. ಆವತ್ತೇ ಈ ಪತ್ರ ಬರೆಯಬೇಕೆಂದು ನಿಶ್ಚಯಿಸಿದೆ.

'ಟೀಚರ್ ನೌಕರಿ ಹೆಣ್ಣಮಕ್ಕಳಿಗೆ ಹೇಳಿ ಮಾಡಿಸಿದ್ದು' ಎಂಬ ಮಾತನ್ನು ಬೀಗರ ಮನೆಗಳಲ್ಲಿ, ಮದುವೆ ಚಪ್ಪರಗಳಲ್ಲಿ ಕೇಳುತ್ತಲೇ ಬಂದಿದ್ದೇನೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಬೇಸಿಗೆ ರಜೆ, ದಸರಾ ರಜೆ, ಮಕ್ಕಳ ರಜೆಯೇ ತಾಯಿಯ ರಜೆ ಎಂದು ಜನ ಲೆಕ್ಕ ಹಾಕುತ್ತಾರೆ. ಈ ಮಾತು ಒಂದು ಕಾಲಕ್ಕೆ ನಿಜವಾಗಿತ್ತು ಎಂದು ನಾನೇ ಸಾಕ್ಷಿ ಹೇಳುತ್ತೇನೆ. ಸೇವೆಯ ಮೊದಲ ವರ್ಷಗಳಲ್ಲಿ ನಲಿ-ಕಲಿ ಕಾರ್ಡುಗಳನ್ನು ಮನೆಗೆ ತರುತ್ತಿದ್ದೆ. ಮಗಳು ಹುಟ್ಟಿ ತೊದಲು ಮಾತು ಕಲಿತ ಮೇಲಂತೂ ಆ ಕಾರ್ಡುಗಳೇ ಅವಳ ಆಟಿಕೆ. ನಾನು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅಕ್ಷರ ಬರೆಯುತ್ತಿದ್ದರೆ, ಅವಳು ಅವನ್ನು ನೆಲದ ಮೇಲೆ ಹರಡಿ 'ರ' ಒಂದು ಕಡೆ, 'ಗ' ಒಂದು ಕಡೆ ಪೇರಿಸುತ್ತಿದ್ದಳು. ಅತ್ತೆ ಕಾಳು ಆರಿಸುತ್ತಾ ಕಥೆ ಹೇಳುತ್ತಿದ್ದರು. ಆ ಕಥೆಯ ಎಷ್ಟೋ ಮಾತುಗಳು ಮರುದಿನ ನನ್ನ ತರಗತಿಯಲ್ಲಿ ಮಕ್ಕಳ ಕೆಲಸ ತೂಗುಹಾಕುವ ಚಪ್ಪರದಲ್ಲಿ ಚಿತ್ರವಾಗಿ ತೂಗುತ್ತಿದ್ದವು. ನಾಳಿನ ಪಾಠಕ್ಕೆ ಅಣಿಯಾಗುವುದೂ ಮಗಳೊಡನೆ ಕೂರುವುದೂ ಆಗ ಒಂದೇ ಕೆಲಸ.

ಆದ್ದರಿಂದ ಈ ಪತ್ರದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಶಿಕ್ಷಕಿಯ ವೃತ್ತಿಗೂ ಅವಳ ಸಂಸಾರಕ್ಕೂ ಜಗಳವಿಲ್ಲ. ಪಾಠವೂ ಅಲ್ಲದ, ಮನೆಯೂ ಅಲ್ಲದ ಮೂರನೆಯದೊಂದು ಕೆಲಸ ನಡುವೆ ಬಂದು ಕೂತಿದೆ. ಅದು ತರಗತಿಯಿಂದಲೂ ಹೊತ್ತು ಕೀಳುತ್ತದೆ, ಮನೆಯಿಂದಲೂ ಕೀಳುತ್ತದೆ. ಅದನ್ನು ಅಲ್ಲಿಂದ ಎಬ್ಬಿಸುವ ಅಧಿಕಾರ ತಮ್ಮ ಕೈಯಲ್ಲಿದೆ.

ಅದು ಯಾವ ಕೆಲಸ ಎಂದು ತಮಗೆ ಗೊತ್ತಿಲ್ಲದ್ದೇನಲ್ಲ. ಮಕ್ಕಳ ಹಾಜರಾತಿ, ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿ ದಾಖಲೆಯ ಸ್ಯಾಟ್ಸ್‌ನಲ್ಲಿ ನಮೂದು, ಶಾಲಾ ಮಾಹಿತಿಯ ಯು-ಡೈಸ್‌ನಲ್ಲಿ ನಮೂದು, ಆಧಾರ್ ಹೆಸರಿಗೂ ಶಾಲಾ ದಾಖಲೆಯ ಹೆಸರಿಗೂ ತಾಳೆ, ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆ, ದಿನಾಚರಣೆಗಳ ಫೋಟೋ, ತರಬೇತಿಯ ಲಿಂಕು, ಮತದಾರರ ಪಟ್ಟಿ, ಸಮೀಕ್ಷೆ. ಒಂದೊಂದಕ್ಕೂ ಒಂದೊಂದು ವಾಟ್ಸ್‌ಆ್ಯಪ್ ಗುಂಪು. ಒಂದೊಂದು ಸಂದೇಶದ ಕೊನೆಗೂ 'ಅತಿ ತುರ್ತು', 'ಇಂದೇ', 'ತಪ್ಪಿದಲ್ಲಿ ತಮ್ಮನ್ನೇ ಹೊಣೆ ಮಾಡಲಾಗುವುದು'. ಈ ಮಾಹಿತಿ ಬೇಡವೆಂದು ನಾನು ಹೇಳುವುದಿಲ್ಲ. ಕಬ್ಬು ಕಡಿಯಲು ಹೋದ ಕುಟುಂಬದ ಮಗು ಶಾಲೆ ಬಿಟ್ಟಿತೋ, ಇನ್ನೊಂದು ಊರಲ್ಲಿ ಸೇರಿತೋ ಎಂಬುದು ದಾಖಲೆ ಇದ್ದರೆ ತಾನೆ ತಿಳಿಯುವುದು? ಆದರೆ ಅದೇ ಮಗುವಿನ ಅದೇ ಹೆಸರು, ಜಾತಿ, ಎತ್ತರ, ತೂಕವನ್ನು ಒಮ್ಮೆ ಆ್ಯಪ್‌ನಲ್ಲಿ, ಒಮ್ಮೆ ಶೀಟ್‌ನಲ್ಲಿ, ಒಮ್ಮೆ ಕಾಗದದ ನಮೂನೆಯಲ್ಲಿ ಯಾಕೆ ಕೊಡಬೇಕು? ಹಳ್ಳಿಯಲ್ಲಿ ಹಗಲು ನೆಟ್‌ವರ್ಕ್ ಸಿಗುವುದಿಲ್ಲ, ಸಿಕ್ಕರೂ ಸರ್ವರ್ ಬ್ಯುಸಿ. ಹಾಗಾಗಿ ಆ ಕೆಲಸ ರಾತ್ರಿ ಹತ್ತರ ಮೇಲೆ, ಮಗಳು ಉಣ್ಣದೆ ನಿದ್ದೆಗೆ ಜಾರಿದ ಮೇಲೆ, ನನ್ನ ಮನೆಯಲ್ಲಿ ನಡೆಯುತ್ತದೆ.

ತರಗತಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದೇ ಸಂಗತಿ ಹೇಳುತ್ತೇನೆ. ಎರಡನೇ ತರಗತಿಯ ಒಬ್ಬ ಹುಡುಗ ತಿಂಗಳುಗಟ್ಟಲೆ ಕಲಿಕಾ ಏಣಿಯ ಒತ್ತಕ್ಷರದ ಮೈಲಿಗಲ್ಲಿನಲ್ಲೇ ನಿಂತಿದ್ದ. 'ಅಕ್ಕ' ಎಂದು ಬರೆದಿದ್ದನ್ನು 'ಅಕ' ಎಂದೇ ಓದುವನು. ಒಂದು ಮಧ್ಯಾಹ್ನ ನನ್ನ ಪಕ್ಕದಲ್ಲಿ ಕೂತು, ಕಾರ್ಡಿನ ಮೇಲೆ ಬೆರಳಿಟ್ಟು, ಉಸಿರು ಹಿಡಿದು, 'ಅ…ಕ್…' ಎಂದು ಆ ಅಕ್ಷರದ ಮೇಲೆ ಒತ್ತು ಹಾಕಿ ನಿಂತ. ಇನ್ನು ಒಂದು ಕ್ಷಣ, ಅಷ್ಟೇ. ಆ ಹೊತ್ತಿಗೆ ಫೋನು ಬಂತು. ಮೂರು ಗಂಟೆಯೊಳಗೆ ಒಂದು ಅಂಕಿ ಬೇಕಾಗಿತ್ತು. ಕೊಠಡಿಯಿಂದ ಹೊರಗೆ ಹೋಗಿ, ರಿಜಿಸ್ಟರ್ ತೆಗೆದು, ಅಂಕಿ ಹೇಳಿ ತಿರುಗಿ ಬರುವಷ್ಟರಲ್ಲಿ ಅವನು ಕಾರ್ಡನ್ನು ಅದರ ತಟ್ಟೆಯಲ್ಲಿ ಬೋರಲು ಹಾಕಿ ಕಿಟಕಿಯ ಹತ್ತಿರ ಹೋಗಿ ನಿಂತಿದ್ದ. ಕರೆದರೂ ಬರಲಿಲ್ಲ. ಮನೆಗೆ ಹೋದರೆ ಮಗಳು ಗಣಿತದ ಪುಸ್ತಕ ಹಿಡಿದು ಹತ್ತಿರ ಬಂದಳು. 'ತಡಿ ಅವ್ವಿ, ಐದ ನಿಮಿಷ' ಅಂದೆ. ಐದು ನಿಮಿಷ ಒಂದೂವರೆ ಗಂಟೆಯಾಯಿತು. ಅವಳೂ ಪುಸ್ತಕ ಮುಚ್ಚಿದಳು. ಒಂದೇ ದಿನ ಇಬ್ಬರು ಮಕ್ಕಳು ಕಾರ್ಡನ್ನೂ ಪುಸ್ತಕವನ್ನೂ ಮುಚ್ಚಿದ್ದು ನನ್ನ ಮನಸ್ಸಿನಿಂದ ಇನ್ನೂ ಅಳಿಸಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ತಮಗೆ ನೆನಪಿಸುವುದು ಉದ್ಧಟತನವಾಗಲಾರದು ಎಂದು ಭಾವಿಸುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಸ್ಪಷ್ಟವಾಗಿದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸುವಂತಿಲ್ಲ. ಅದೇ ಕಾಯ್ದೆಯ ಅನುಸೂಚಿ ಐದನೇ ತರಗತಿವರೆಗೆ ವರ್ಷಕ್ಕೆ 200 ಕೆಲಸದ ದಿನ, ಆರರಿಂದ ಎಂಟಕ್ಕೆ 220 ದಿನ ಎಂದು ಗೊತ್ತುಪಡಿಸಿದೆ. ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ, ಅದೂ ಪಾಠದ ತಯಾರಿಯನ್ನು ಸೇರಿಸಿ, ಎಂದು ಹೇಳಿದೆ. ದಿನಕ್ಕೆ ಆರೂವರೆ ಗಂಟೆಯಂತೆ ಐದು ದಿನ, ಶನಿವಾರ ನಾಲ್ಕು ಗಂಟೆ ಎಂದು ಹಿಡಿದರೆ ಶಾಲೆಯೊಳಗೇ ಮೂವತ್ತಾರೂವರೆ ಗಂಟೆ ಆಗುತ್ತದೆ. ಉಳಿದ ಎಂಟೂವರೆ ಗಂಟೆ ತಯಾರಿಗೆ. ಈ ಲೆಕ್ಕದಲ್ಲಿ ಶಿಕ್ಷಕಿಯೂ ಬದುಕುತ್ತಾಳೆ, ಅವಳ ಮನೆಯೂ ಬದುಕುತ್ತದೆ. ಆದರೆ ಅನುಸೂಚಿಯಲ್ಲಿ ಇರುವುದು 'ಕನಿಷ್ಠ' ಎಂಬ ಪದ. ಗರಿಷ್ಠ ಎಷ್ಟು ಎಂದು ಯಾರೂ ಬರೆಯಲಿಲ್ಲ. ಬರೆಯದೆ ಬಿಟ್ಟ ಆ ಸಂದಿನಲ್ಲೇ ನಮ್ಮ ಸಂಜೆಗಳು ಸೋರಿಹೋಗುತ್ತಿವೆ.

ತಯಾರಿಯ ಹೊತ್ತು ಎಂದರೆ ಸುಮ್ಮನೆ ಕೂರುವ ಹೊತ್ತು ಎಂದು ಯಾರಾದರೂ ತಿಳಿದಿದ್ದರೆ ನಲಿ-ಕಲಿಯ ಹುಟ್ಟನ್ನೇ ನೋಡಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ಕಂಡು ಬಂದು, ತಮ್ಮ ಮಕ್ಕಳಿಗೆ ಒಗ್ಗುವಂತೆ ಕಾರ್ಡುಗಳನ್ನು, ಕಲಿಕಾ ಏಣಿಯನ್ನು ತಾವೇ ಕೂತು ಕಟ್ಟಿದರು. ಮುಂದೆ ಅದು ಇಡೀ ರಾಜ್ಯಕ್ಕೆ ಹಬ್ಬಿತು. ಶಿಕ್ಷಕರಿಗೆ ಕೂತು ಯೋಚಿಸುವ ಹೊತ್ತು ಸಿಕ್ಕರೆ ಏನು ಹುಟ್ಟುತ್ತದೆ ಎಂಬುದಕ್ಕೆ ಇಲಾಖೆಯ ಬಳಿಯೇ ಇಷ್ಟು ದೊಡ್ಡ ನಿದರ್ಶನವಿದೆ. ಇವತ್ತು ಅಂಥದ್ದೊಂದು ಏಣಿ ಕಟ್ಟುವ ಬುದ್ಧಿ ನಮ್ಮಲ್ಲಿ ಇಲ್ಲವೆಂದಲ್ಲ, ಕಟ್ಟಲು ಹೊತ್ತು ಸಾಲುತ್ತಿಲ್ಲ.

ಇನ್ನು ರಜೆಯ ಮಾತು. ದಸರಾ, ಬೇಸಿಗೆಯ ಬಿಡುವು ಇದೆ ಎಂಬ ಕಾರಣಕ್ಕೇ ಶಿಕ್ಷಕರ ಗಳಿಕೆ ರಜೆ ಬೇರೆ ನೌಕರರಿಗಿಂತ ಕಡಿಮೆ. ಅದನ್ನು ನಾವು ಒಪ್ಪಿಕೊಂಡು ಬಂದಿದ್ದೇವೆ. 2025ರ ದಸರೆಯಲ್ಲಿ, ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆಮನೆ ತಿರುಗಿದ ಸಾವಿರಾರು ಶಿಕ್ಷಕರಲ್ಲಿ ನಾನೂ ಒಬ್ಬಳು. ಒಂದು ಸಮಾಜ ತನ್ನ ಬಡವರು ಯಾರು, ಎಲ್ಲಿದ್ದಾರೆ ಎಂದು ತಿಳಿದುಕೊಳ್ಳುವುದು ಸಣ್ಣ ಕೆಲಸವಲ್ಲ. ಆ ಅರಿವಿನಿಂದಲೇ ನಡೆದೆ. ಆದರೆ ವರ್ಷಕ್ಕೊಮ್ಮೆ ಮಗಳನ್ನು ತವರಿಗೆ ಕರೆದುಕೊಂಡು ಹೋಗಿ ಬನ್ನಿ ಕೊಡಿಸುವ ಆ ದಿನಗಳು ಮತ್ತೆ ಸಿಗಲಿಲ್ಲ. ಈಗ 2027ರ ಜನಗಣತಿ ಬಂದಿದೆ. ಅದು ಕಾಯ್ದೆಯೇ ಒಪ್ಪುವ ಕೆಲಸ, ಮಾಡುತ್ತೇವೆ. ರಜೆಯಲ್ಲಿ ದುಡಿಸಿಕೊಂಡ ದಿನಗಳನ್ನು ಒಂದೂ ಬಿಡದೆ ಎಣಿಸಿ ನಮ್ಮ ಖಾತೆಗೆ ತಾನಾಗಿಯೇ ಜಮಾ ಮಾಡಿ ಎಂಬುದಷ್ಟೇ ಬೇಡಿಕೆ. ಅದಕ್ಕಾಗಿ ನಾವು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು.

ಹಿಂದಿನದೊಂದು ದಿನವನ್ನೂ ಹೇಳಬೇಕು. ಹೆರಿಗೆ ರಜೆಯ 180 ದಿನ ಮುಗಿದು ನಾನು ಕೆಲಸಕ್ಕೆ ಮರಳಿದಾಗ ಕೂಸಿಗೆ ಆರು ತಿಂಗಳು ದಾಟಿತ್ತಷ್ಟೆ. ಎರಡು ಬಸ್ಸು ಬದಲಿಸಿ ಹೋಗುವ ಶಾಲೆ. ಬಿಟ್ಟು ಹೋದರೆ ಎದೆಹಾಲಿಲ್ಲ, ಕರೆದುಕೊಂಡು ಹೋದರೆ ಮಲಗಿಸಲು ಜಾಗವಿಲ್ಲ. ಬಿಸಿಯೂಟದ ಅಡುಗೆ ಮಾಡುವ ಹಿರಿಯ ಹೆಣ್ಣುಮಗಳು ಅಕ್ಕಿ ಮೂಟೆಗಳಿದ್ದ ಕೋಣೆಯ ತೊಲೆಗೆ ತನ್ನ ಹಳೆಯ ಸೀರೆಯಲ್ಲಿ ಜೋಳಿಗೆ ಕಟ್ಟಿಕೊಟ್ಟಳು. ಒಂದು ಕೈಯಲ್ಲಿ ಸಾಂಬಾರಿನ ಸೌಟು, ಇನ್ನೊಂದು ಕೈಯಲ್ಲಿ ಜೋಳಿಗೆಯ ಹಗ್ಗ. ಗೋಡೆಯ ಆಚೆ ಕೂಸು ಅತ್ತದ್ದು ಕೇಳಿದರೆ ನನ್ನ ತರಗತಿಯ ಪುಟ್ಟ ಹುಡುಗಿಯರೇ 'ಅಕ್ಕೋರ, ನಾವ ತೂಗತೇವ್ರಿ' ಎಂದು ಎದ್ದು ನಿಲ್ಲುತ್ತಿದ್ದರು. ಅವರು ತೂಗಲು ಬಂದವರಲ್ಲ, ಓದಲು ಬಂದವರು. ಆ ಮಕ್ಕಳ ಋಣವೂ ಆ ಅಡುಗೆಯ ಅವ್ವನ ಋಣವೂ ನನ್ನ ಮೇಲಿದೆ. ಒಬ್ಬ ಬಡ ಹೆಂಗಸಿನ ದಯೆಯ ಮೇಲೆ ಸರ್ಕಾರಿ ಶಿಕ್ಷಕಿಯ ತಾಯ್ತನ ನಿಲ್ಲಬೇಕೆ ಎಂಬ ಪ್ರಶ್ನೆಯೂ ಅಂದಿನಿಂದ ನನ್ನ ಜೊತೆಗಿದೆ.

1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಬಂದಾಗ, ಪ್ರತಿ ಪ್ರಾಥಮಿಕ ಶಾಲೆಯಲ್ಲಿ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು, ಸಾಧ್ಯವಾದ ಮಟ್ಟಿಗೆ ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು ಎಂಬ ಆಶಯವಿತ್ತು. ಟೀಚರಮ್ಮ ಇದ್ದರೆ ಊರಿನವರು ಹೆಣ್ಣುಮಕ್ಕಳನ್ನು ಧೈರ್ಯವಾಗಿ ಶಾಲೆಗೆ ಕಳಿಸುತ್ತಾರೆ ಎಂಬ ನಂಬಿಕೆ ಹುಸಿಯಾಗಲಿಲ್ಲ. ಶಾಲೆಗೆ ಶಿಕ್ಷಕಿ ಬೇಕೆಂದು ಯೋಚಿಸಿದವರು ಆ ಶಿಕ್ಷಕಿಗೂ ಒಂದು ಮನೆ ಇರುತ್ತದೆ ಎಂಬುದನ್ನೂ ಯೋಚಿಸಬೇಕಾಗಿತ್ತು. ಜಗತ್ತು ಯೋಚಿಸದೆ ಇರಲಿಲ್ಲ. 1966ರ ಅಕ್ಟೋಬರ್ 5ರಂದು ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಯಾಗಿ ರೂಪಿಸಿದ ಶಿಕ್ಷಕರ ಸ್ಥಾನಮಾನದ ಶಿಫಾರಸುಗಳನ್ನು ಪ್ಯಾರಿಸ್‌ನಲ್ಲಿ ಅಂಗೀಕರಿಸಲಾಯಿತು. ಸಂಸಾರದ ಹೊಣೆ ಹೊತ್ತ ಶಿಕ್ಷಕಿಗೆ ಮನೆಯ ಸಮೀಪ ಹುದ್ದೆ ಸಿಗುವಂತಾಗಬೇಕು, ಗಂಡಹೆಂಡತಿ ಇಬ್ಬರೂ ಶಿಕ್ಷಕರಾದರೆ ಒಂದೇ ಪರಿಸರದಲ್ಲಿ ಕೆಲಸ ಮಾಡುವಂತಿರಬೇಕು, ಶಿಕ್ಷಕರ ಮಕ್ಕಳಿಗೆ ಶಿಶುವಿಹಾರದ ಅನುಕೂಲ ಪರಿಶೀಲಿಸಬೇಕು ಎಂದು ಅದರಲ್ಲಿದೆ. ಅಕ್ಟೋಬರ್ 5 ವಿಶ್ವ ಶಿಕ್ಷಕರ ದಿನವಾದದ್ದು ಆ ನೆನಪಿಗಾಗಿಯೇ. ಆ ದಿನ ಶುಭಾಶಯದ ಸಂದೇಶಗಳು ನಮಗೆ ತಪ್ಪದೆ ಬರುತ್ತವೆ. ಆ ದಿನದ ಹಿಂದಿರುವ ಮಾತುಗಳೂ ನಮ್ಮನ್ನು ತಲುಪಲಿ.

ಮನೆಯೊಳಗಿನ ಕೆಲಸದ ಹಂಚಿಕೆ ನಮ್ಮ ಹೊಣೆ, ಅದನ್ನು ಸರ್ಕಾರ ಹೊರಬೇಕಿಲ್ಲ. ನೈಟ್ ಹಾಲ್ಟ್ ಮುಗಿಸಿ ಬಂದ ದಿನ ನಮ್ಮ ಮನೆಯವರು ಮಗಳಿಗೆ ಎರಡು ಜಡೆ ಹಾಕುತ್ತಾರೆ, ಪಲ್ಯ ಮಾಡುತ್ತಾರೆ, ತಾಯಿಗೆ ಇನ್ಸುಲಿನ್ ಕೊಡುತ್ತಾರೆ. ಎಲ್ಲ ಮನೆಗಳಲ್ಲೂ ಹೀಗಿಲ್ಲ, ಇರಬೇಕು. ನನ್ನ ಸಹೋದ್ಯೋಗಿ ಶಿಕ್ಷಕರಲ್ಲೂ ಹಾಸಿಗೆ ಹಿಡಿದ ತಂದೆಯನ್ನು ಒಬ್ಬರೇ ನೋಡಿಕೊಳ್ಳುವವರಿದ್ದಾರೆ. ಹಾಗಾಗಿ ನಾನು ಕೇಳುತ್ತಿರುವುದು ಹೆಂಗಸರಿಗೆಂದು ಕೊಡುವ ವಿಶೇಷ ವಿನಾಯಿತಿಯಲ್ಲ. ಮನೆ ಇರುವ ಎಲ್ಲ ಶಿಕ್ಷಕರಿಗೂ ಸಲ್ಲಬೇಕಾದದ್ದು.

ನನ್ನ ಕೋರಿಕೆಗಳು ಇಷ್ಟು.

ಮೊದಲನೆಯದು, ಶಾಲೆಯ ಗಂಟೆ ಬಾರಿಸಿದ ಮೇಲೆ, ಭಾನುವಾರ ಮತ್ತು ಹಬ್ಬದ ದಿನ, ಪ್ರವಾಹ ಅಥವಾ ಮಕ್ಕಳ ಜೀವಕ್ಕೆ ಸಂಬಂಧಿಸಿದ ತುರ್ತು ಬಿಟ್ಟರೆ ಬೇರೆ ಯಾವ ಮಾಹಿತಿಯನ್ನೂ ಶಿಕ್ಷಕರಿಂದ ಕೇಳಬಾರದು ಎಂದು ಲಿಖಿತ ಆದೇಶ ಹೊರಡಿಸಿ. ಯಾವುದೇ ಮಾಹಿತಿಗೆ ಕನಿಷ್ಠ ಮೂರು ಕೆಲಸದ ದಿನ ಕೊಡಿ. ಒಮ್ಮೆ ಕೊಟ್ಟ ಮಾಹಿತಿಯನ್ನು ಇನ್ನೊಂದು ನಮೂನೆಯಲ್ಲಿ ಮತ್ತೆ ಕೇಳದಿರಿ.

ಎರಡನೆಯದು, ಅಕ್ಕಪಕ್ಕದ ಶಾಲೆಗಳ ಪ್ರತಿ ಕ್ಲಸ್ಟರ್‌ಗೆ ಒಬ್ಬರು ಡೇಟಾ ಎಂಟ್ರಿ ಸಿಬ್ಬಂದಿಯನ್ನು ನೇಮಿಸಿ. ಕಂಪ್ಯೂಟರ್ ಕಲಿತ ಹಳ್ಳಿಯ ಯುವಕ ಯುವತಿಯರು ನಮ್ಮ ಸುತ್ತ ಕೆಲಸವಿಲ್ಲದೆ ಕೂತಿದ್ದಾರೆ. ನಮ್ಮ ಸಂಜೆಯೂ ಉಳಿಯುತ್ತದೆ, ಅವರ ಮನೆಯ ಒಲೆಯೂ ಉರಿಯುತ್ತದೆ.

ಮೂರನೆಯದು, ರಜೆಯ ಬಗ್ಗೆ. ರಾಜ್ಯದ ಮಹಿಳಾ ನೌಕರರಿಗೆ 2021ರಲ್ಲಿ 180 ದಿನಗಳ ಶಿಶುಪಾಲನಾ ರಜೆ ಕೊಟ್ಟಿದ್ದಕ್ಕೆ ನಾವು ಕೃತಜ್ಞರು. ಕೇಂದ್ರದ ಮಹಿಳಾ ನೌಕರರಿಗೆ ಅದು 730 ದಿನ. ದಿನಗಳನ್ನು ಹೆಚ್ಚಿಸುವುದಕ್ಕಿಂತ ಮೊದಲು, ಇರುವ ರಜೆಯನ್ನು ಬಳಸುವಂತೆ ಮಾಡಿ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬಳು ರಜೆ ಹಾಕಿದರೆ ಐದು ತರಗತಿಗಳು ಒಬ್ಬರ ಕೊರಳಿಗೆ ಬೀಳುತ್ತವೆ. ಆ ಸಂಕೋಚಕ್ಕೇ ಎಷ್ಟೋ ತಾಯಂದಿರು ಜ್ವರದ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತಾರೆ. ಕ್ಲಸ್ಟರ್‌ಗೊಬ್ಬರಂತೆ ರಜಾ ಬದಲಿ ಶಿಕ್ಷಕರಿದ್ದರೆ ರಜೆ ಕೇಳುವವಳೂ ತಲೆ ತಗ್ಗಿಸಬೇಕಿಲ್ಲ, ಮಕ್ಕಳ ಪಾಠವೂ ನಿಲ್ಲುವುದಿಲ್ಲ.

ನಾಲ್ಕನೆಯದು, ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರಿಗಾಗಿ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆದಿದೆ. ಅದು ತಾಯಿಯ ಮನಸ್ಸು ಅರಿತವರು ಮಾಡಿದ ಯೋಜನೆ. ಕೂಲಿಯ ತಾಯಂದಿರ ಪಾಲು ಕಡಿಮೆಯಾಗದಂತೆ, ಆ ಮನೆಗಳಲ್ಲಿ ಶಾಲೆಯ ಅಡುಗೆ ಸಿಬ್ಬಂದಿಯ, ಆಶಾ ಕಾರ್ಯಕರ್ತೆಯರ, ಶಿಕ್ಷಕಿಯರ ಕೂಸುಗಳಿಗೂ ಜಾಗ ಕೊಡಿ. ಅದರ ಸಮಯ ಶಾಲೆಯ ಸಮಯಕ್ಕೆ ಹೊಂದಿಕೊಳ್ಳಲಿ.

ಐದನೆಯದು, ವರ್ಗಾವಣೆ ಕೌನ್ಸೆಲಿಂಗ್ ಪ್ರತಿ ವರ್ಷ ಬೇಸಿಗೆ ರಜೆಯಲ್ಲೇ ಮುಗಿಯಲಿ. ಪತಿ-ಪತ್ನಿ ಪ್ರಕರಣಗಳ ಜೊತೆಗೆ, ವಯಸ್ಸಾದ ಹಿರಿಯರನ್ನೂ ಅಂಗವಿಕಲ ಮಕ್ಕಳನ್ನೂ ನೋಡಿಕೊಳ್ಳುವವರ ಅರ್ಜಿಗಳಿಗೂ ಆದ್ಯತೆ ಸಿಗಲಿ. ಮಗುವನ್ನು ಶಾಲೆಗೆ ಸೇರಿಸಿ, ಬಾಡಿಗೆ ಮನೆ ಹಿಡಿದ ಮೇಲೆ ನಡುವರ್ಷದಲ್ಲಿ ಬರುವ ಆದೇಶ ಎರಡು ಊರುಗಳ ಮಕ್ಕಳನ್ನು ಒಟ್ಟಿಗೆ ಅತಂತ್ರ ಮಾಡುತ್ತದೆ.

ಮಾನ್ಯರೇ, ನಮ್ಮ ಮನೆಯವರ ಕೆಲಸವೂ ಸುಲಭದ್ದಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ದಿನವಿಡೀ ನಿಂತಿರುತ್ತಾರೆ, ಚಿಲ್ಲರೆಗೆ ಜಗಳ ಕೇಳುತ್ತಾರೆ. ಆದರೆ ಡ್ಯೂಟಿ ಇಳಿದ ಮೇಲೆ ಡಿಪೋಗೆ ಹೋಗಿ, ಕ್ಯಾಶ್ ಕಟ್ಟಿ, ಟಿಕೆಟ್ ಮಷಿನ್ ಒಪ್ಪಿಸಿ ಸಹಿ ಹಾಕಿದರೆ ಮುಗಿಯಿತು. ಆಮೇಲೆ ಮನೆ ಬಾಗಿಲಿಗೆ ಬಂದು ಯಾರೂ ಅವರಲ್ಲಿ ಟಿಕೆಟ್ ಕೇಳುವುದಿಲ್ಲ. ನನ್ನ ಮಷಿನ್ ನನ್ನ ಜೊತೆಗೇ ಮನೆಗೆ ಬರುತ್ತದೆ, ಊಟದ ತಟ್ಟೆಯ ಪಕ್ಕ ಕೂರುತ್ತದೆ, ದಿಂಬಿನ ಕೆಳಗೆ ಮಲಗುತ್ತದೆ. ಅದನ್ನು ಒಪ್ಪಿಸಿ ಬರಲು ನಮಗೆ ಡಿಪೋ ಇಲ್ಲ. ತಮ್ಮ ಒಂದು ಆದೇಶ ನಮಗೆ ಆ ಡಿಪೋ ಆಗಲಿ.

ಎರಡನೇ ತರಗತಿಯ ಆ ಹುಡುಗ ಇನ್ನೂ ಒತ್ತಕ್ಷರದ ಮೈಲಿಗಲ್ಲಿನಲ್ಲೇ ಇದ್ದಾನೆ. ಅವನಿಗೆಂದು ಇವತ್ತು ಸಂಜೆ ಹೊಸ ಕಾರ್ಡು ಮಾಡಬೇಕು: ಅಕ್ಕ, ಅಪ್ಪ, ಅಣ್ಣ, ಅಜ್ಜ. ಹಳೆಯ ಲಗ್ನಪತ್ರಿಕೆ, ಕತ್ತರಿ, ಸ್ಕೆಚ್ ಪೆನ್ನು ತೆಗೆದಿಟ್ಟಿದ್ದೇನೆ. 'ನಾನೂ ಬರೀತೀನಿ' ಎಂದು ಮಗಳು ಆಗಲೇ ಚಾಪೆ ಹಾಸಿ ಕಾಯುತ್ತಿದ್ದಾಳೆ. ಬಹಳ ದಿನಗಳ ಮೇಲೆ ಫೋನನ್ನು ಆರಿಸಿ ದೇವರ ಮಾಡದಲ್ಲಿ ಇಟ್ಟಿದ್ದೇನೆ. ಇದೊಂದು ಸಂಜೆ ನಾನಾಗಿ ತೆಗೆದುಕೊಂಡದ್ದು. ಉಳಿದ ಸಂಜೆಗಳನ್ನು ತಾವು ಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ